ದಡದಕ್ಕನ ಹಗ್ಗ

ದ್ವೀಪದ ದೋಣಿ ಚಿಕ್ಕ ದಂಡೆಗೆ ಬರುತ್ತದೆ, ಆದರೆ ದಂಡೆಯನ್ನು ಮುಟ್ಟುವುದಿಲ್ಲ. ಮುಟ್ಟಿದರೆ ತಳ ಮರಳಿಗೆ ಕಚ್ಚಿಕೊಳ್ಳುತ್ತದೆ, ಮತ್ತೆ ನೀರಿಗೆ ತಳ್ಳುವಷ್ಟರಲ್ಲಿ ದೋಣಿಯವನ ಸೊಂಟ ಬಿದ್ದುಹೋಗುತ್ತದೆ. ಹಾಗಾಗಿ ಅದು ತೊಡೆಮಟ್ಟದ ನೀರಿನಲ್ಲೇ ನಿಲ್ಲುತ್ತದೆ. ಹೋಗುವವರು ಬಟ್ಟೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು, ನೀರಿನಲ್ಲಿ ನಡೆದುಹೋಗಿ ಹತ್ತಬೇಕು. ಬಂದರಿನ ಕಟ್ಟೆ ಮೀನಿನ ದೋಣಿಗಳಿಗೇ ಸಾಲದು. ಇಂಥ ಬಡಪಾಯಿ ದೋಣಿಗೆ ಅಲ್ಲಿ ಜಾಗ ಕೊಡುವವರು ಯಾರು? ಮುದುಕಿಯರು, ಶಾಲೆಯ ಮೇಷ್ಟ್ರು, ಅಂಚೆಯವನು, ಎಲ್ಲರೂ ಹೀಗೇ ಹತ್ತುತ್ತಾರೆ. ಅದರಲ್ಲಿ ಸಾಹಸವೇನೂ ಇಲ್ಲ.

ಚಿಕ್ಕ ದಂಡೆ ನಿಜವಾಗಿಯೂ ಚಿಕ್ಕದು. ಎರಡು ಕಡೆಯೂ ಕರಿಬಂಡೆಗಳು ಸಮುದ್ರದೊಳಕ್ಕೆ ತೋಳು ಚಾಚಿಕೊಂಡಿವೆ. ಹೊರಗೆ ಅಲೆಗಳು ಎಷ್ಟೇ ಕೂಗಾಡಲಿ, ಆ ತೋಳುಗಳ ನಡುವೆ ನುಗ್ಗಿ ಮರಳಿಗೆ ಬರುವಷ್ಟರಲ್ಲಿ ಕೋಪವೆಲ್ಲ ಇಳಿದು, ತಪ್ಪು ಮಾಡಿದ ಮಕ್ಕಳ ಹಾಗೆ ಸದ್ದಿಲ್ಲದೆ ಬಂದು ಹಿಂದೆ ಹೋಗುತ್ತವೆ. ಭಾನುವಾರ ಹೊರಗಿನವರು ಬಂದು ಅಲ್ಲಿ ಫೋಟೊ ತೆಗೆದುಕೊಳ್ಳುತ್ತಾರೆ. ಈಜು ಬಾರದವರೂ ಇಳಿಯುತ್ತಾರೆ.

ಆ ನೀರಿಗೆ ಒಮ್ಮೆಯೂ ಇಳಿಯದವಳು ಊರಿನಲ್ಲಿ ಒಬ್ಬಳೇ ಇದ್ದಳು. ವಯಸ್ಸು ಐವತ್ತು ದಾಟಿತ್ತು, ಹುಟ್ಟಿದ್ದು ಆ ದಂಡೆಯಿಂದ ಕೂಗಿದರೆ ಕೇಳುವಷ್ಟು ದೂರದ ಮನೆಯಲ್ಲಿ. ದ್ವೀಪಕ್ಕೆ ಏನಾದರೂ ಕಳಿಸಬೇಕಾದರೆ ಒಣಮರಳಿನ ಮೇಲೆ ನಿಂತು, ಗಂಟನ್ನು ಬೇರೆಯವರ ಕೈಗೆ ಕೊಟ್ಟು, ದೋಣಿ ಬಂಡೆ ದಾಟುವವರೆಗೂ ನೋಡುತ್ತಿದ್ದಳು. ಅದಕ್ಕೇ ಊರು ಅವಳನ್ನು ದಡದಕ್ಕ ಎಂದು ಕರೆಯುತ್ತಿತ್ತು. ಅವಳಿಗೂ ಆ ಹೆಸರು ಒಗ್ಗಿಹೋಗಿತ್ತು. ಸ್ವಂತ ಹೆಸರಿನಲ್ಲಿ ಕರೆದರೆ ಯಾರನ್ನೋ ಕರೆದರು ಎಂದುಕೊಂಡು ತಿರುಗಿಯೂ ನೋಡುತ್ತಿರಲಿಲ್ಲ.

ಇದರಲ್ಲಿ ತಮಾಷೆಯೆಂದರೆ ಅವಳ ಕಸುಬು. ದಡದಕ್ಕ ಲೈಫ್ ಜಾಕೆಟ್ ಹೊಲಿಯುತ್ತಿದ್ದಳು. ಐಸ್ ಫ್ಯಾಕ್ಟರಿಯ ಹಿಂಗೋಡೆಗೆ ಆನಿಸಿ ಕಟ್ಟಿದ ಒಂದು ಕೋಣೆ ಅವಳದು. ಗೋಡೆ ಬೇಸಗೆಯಲ್ಲೂ ತಣ್ಣಗೆ ಬೆವರುತ್ತಿರುತ್ತದೆ. ಬೆನ್ನು ನೋವು ಬಂದಾಗ ಅದಕ್ಕೇ ಒರಗಿ ಕೂರುತ್ತಾಳೆ. ಕಾಲಿನಲ್ಲಿ ತುಳಿಯುವ ಮಿಷನ್, ಮೂಲೆಯಲ್ಲಿ ಕಿತ್ತಳೆ ಬಣ್ಣದ ಬಟ್ಟೆಯ ಥಾನು, ಕತ್ತರಿಸಿಟ್ಟ ಫೋಮಿನ ಹಲಗೆಗಳು. ಕೋಣೆಯ ಉದ್ದಕ್ಕೂ ಬಟ್ಟೆ ಒಣಹಾಕಲು ಕಟ್ಟಿದ ಒಂದು ಹಳೆಯ ಹಗ್ಗ. ಪ್ಲಾಸ್ಟಿಕ್ ಕೊಕ್ಕೆಗಳು ಉಪ್ಪುಗಾಳಿಗೆ ಬೇಗ ಮುರಿಯುತ್ತವೆಂದು ಅವಳು ಜಾಕೆಟ್ಟಿಗೆ ಗಟ್ಟಿ ಲಾಡಿಗಳನ್ನೇ ಇಡುತ್ತಿದ್ದಳು.

ಮೀನಿಗೆ ಹೋಗುವವರು ಜಾಕೆಟ್ ಕೊಳ್ಳುತ್ತಿದ್ದರು, ಆದರೆ ಯಾರೂ ತೊಡುತ್ತಿರಲಿಲ್ಲ. ದೋಣಿಯಲ್ಲಿ ಅದನ್ನು ತಲೆಯ ಕೆಳಗಿಟ್ಟುಕೊಂಡು ಮಲಗುತ್ತಿದ್ದರು. ಒಮ್ಮೆ ಒಬ್ಬ ಇಂಜಿನ್ ಡ್ರೈವರ್ ಕುತ್ತಿಗೆ ಉಜ್ಜಿಕೊಂಡು ಬಂದ.

"ದಡದಕ್ಕ, ಈ ಸಲದ್ದು ಯಾಕೋ ಗಟ್ಟಿ. ಕುತ್ತಿಗೆ ಹಿಡ್ಕೊಂಡುಬಿಡ್ತು."

"ದಿಂಬು ಬೇಕಾದರೆ ನಿನ್ನ ಹೆಂಡತಿಗೆ ಹೇಳಪ್ಪ. ಇದು ಜೀವಕ್ಕೆ, ನಿದ್ದೆಗಲ್ಲ."

"ನೀನು ಒಂದು ಸಲ ತೊಟ್ಟು ನೀರಿಗೆ ಇಳಿದು ತೋರಿಸು. ಆಮೇಲೆ ನಾವೂ ತೊಡ್ತೀವಿ."

ಅವಳು ತಲೆ ಬಗ್ಗಿಸಿ ಮಿಷನ್ ತುಳಿದಳು.

ಅವಳ ಭಯಕ್ಕೆ ಕಾರಣ ಊರಿಗೆಲ್ಲ ಗೊತ್ತಿತ್ತು. ಅವಳ ತಾಯಿ ಬಲೆ ಹೆಣೆಯುವವಳು. ಆ ಕಾಲದಲ್ಲಿ ಹೆಂಗಸರು ಚಿಕ್ಕ ದಂಡೆಯ ಮೇಲೆಯೇ ಸಾಲಾಗಿ ಕೂತು ಹರಿದ ಬಲೆ ಸರಿಮಾಡುತ್ತಿದ್ದರು. ನಡೆಯಲು ಕಲಿತ ಮಕ್ಕಳ ಸೊಂಟಕ್ಕೆ ಒಂದು ಹಗ್ಗ ಸುತ್ತಿ, ಇನ್ನೊಂದು ತುದಿಯನ್ನು ದೋಣಿ ಕಟ್ಟುವ ಗೂಟಕ್ಕೆ ಕಟ್ಟುತ್ತಿದ್ದರು. ಎರಡೂ ಕೈಗೆ ಕೆಲಸವಿದ್ದಾಗ ಮಗುವನ್ನು ಹಿಡಿಯಲು ಮೂರನೆಯ ಕೈ ಎಲ್ಲಿಂದ ತರುವುದು? ಮಗುವಿಗೆ ಸ್ವಲ್ಪ ಬುದ್ಧಿ ಬಂದ ಮೇಲೆ ಹಗ್ಗ ಬಿಚ್ಚಿಬಿಡುತ್ತಿದ್ದರು.

ದಡದಕ್ಕನ ತಾಯಿ ಮಾತ್ರ ಬಿಚ್ಚಲಿಲ್ಲ. ದಡದಕ್ಕನಿಗಿಂತ ಮೊದಲು ಅವಳಿಗೊಬ್ಬ ಮಗ ಹುಟ್ಟಿದ್ದ. ಹಗ್ಗ ಬಿಚ್ಚಿದ ಹೊಸತರಲ್ಲಿ, ಬಲೆಯ ಒಂದು ಕಣ್ಣು ಹೆಣೆದು ತಾಯಿ ತಲೆ ಎತ್ತುವಷ್ಟರಲ್ಲಿ, ಈ ಸೌಮ್ಯವಾದ ನೀರೇ ಅವನನ್ನು ಎಳೆದುಕೊಂಡಿತ್ತು. ಹಾಗಾಗಿ ಮಗಳು ಶಾಲೆಗೆ ಸೇರುವವರೆಗೂ ಸೊಂಟದ ಹಗ್ಗ ಸೊಂಟದಲ್ಲೇ ಇತ್ತು. ನೀರು ಪೂರ್ತಿ ಏರಿದಾಗ ಎಲ್ಲಿಗೆ ಬರುತ್ತದೋ ನೋಡಿ, ಅದಕ್ಕಿಂತ ಒಂದು ಮೊಳ ಈಚೆಗೆ ಬರುವಂತೆ ತಾಯಿ ಹಗ್ಗವನ್ನು ಅಳೆದಿದ್ದಳು. ಹುಡುಗಿ ನೀರಿನ ಕಡೆ ಓಡುವಳು, ಸೊಂಟ ಜಗ್ಗುವುದು, ಕುಂಡೆಯ ಮೇಲೆ ಕೂತುಬಿಡುವಳು. ಬೇರೆ ಮಕ್ಕಳು ನಗುವರು. ಕೊನೆಗೆ ಓಡುವುದನ್ನೇ ಬಿಟ್ಟಳು. ಹಗ್ಗ ಬಿಚ್ಚಿದ ಮೇಲೂ ಅವಳ ಕಾಲು ಆ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಜಗ್ಗುವುದಕ್ಕೆ ಯಾವ ಹಗ್ಗವೂ ಬೇಕಿರಲಿಲ್ಲ.

ಮುಂದೆ ತನ್ನ ಮಗಳನ್ನೂ ಅವಳು ಹಾಗೇ ಕಟ್ಟಿದಳು. ಆಗ ಅವಳೂ ಬಲೆಯ ಕೆಲಸವನ್ನೇ ಮಾಡುತ್ತಿದ್ದಳು. ಆದರೆ ಮಗಳು ತಾಯಿಯ ಹಾಗಲ್ಲ. ಕೆಲಸದ ನಡುವೆ ತಿರುಗಿ ನೋಡಿದರೆ ಹಗ್ಗ ಮರಳಿನ ಮೇಲೆ ಬಿದ್ದಿರುತ್ತಿತ್ತು, ಮಗು ನೀರಿನಲ್ಲಿ ಕೇಕೆ ಹಾಕುತ್ತಿರುತ್ತಿತ್ತು. ಪಕ್ಕದಲ್ಲಿ ಅದನ್ನು ಹಿಡಿಯಲು ಓಡಿದ ನಾದಿನಿ ಇರುತ್ತಿದ್ದಳು. ದಡದಕ್ಕ ಎದೆ ಹಿಡಿದುಕೊಂಡು ಒಣಮರಳಿನಿಂದಲೇ ಕೂಗುತ್ತಿದ್ದಳು. ಮೂರು ವರ್ಷದ ಮಗು ಗಂಟು ಬಿಚ್ಚುತ್ತದೆ ಎಂಬುದು ಮನೆಯಲ್ಲಿ ದೂರೂ ಆಯಿತು, ಹೆಮ್ಮೆಯೂ ಆಯಿತು. ಬಂದವರಿಗೆಲ್ಲ ಅವಳು ಹೇಳುತ್ತಿದ್ದಳು: "ಇವಳ ಬುದ್ಧಿಯೆಲ್ಲ ಬೆರಳಲ್ಲೇ ಇದೆ."

ಬೆಳೆದು ಮಗಳು ಮೀನಿನ ಹಾಗೆ ಈಜುವುದನ್ನು ಕಲಿತಳು. ದ್ವೀಪದ ದೀಪಸ್ತಂಭದಲ್ಲಿ ಕೆಲಸ ಮಾಡುವವನನ್ನು ಮದುವೆಯಾಗಿ ಅಲ್ಲಿಗೇ ಹೋದಳು. ಮದುವೆ ನಡೆದದ್ದು ಈಚೆ ದಡದಲ್ಲಿ, ಆದ್ದರಿಂದ ತಾಯಿ ಬಚಾವಾದಳು. ಮಗಳ ಮನೆ ನೋಡಲು ಒಮ್ಮೆ ಹೊರಟದ್ದುಂಟು. ದೋಣಿಯವನು ಅವಳನ್ನು ಹೊತ್ತುಕೊಂಡೇ ನೀರಿಗೆ ಇಳಿದ. ಕೆಳಗೆ ನೀರು ಕಂಡದ್ದೇ ತಡ, ಅವಳು ಅವನ ಕುತ್ತಿಗೆಯನ್ನು ಹಿಡಿದ ಹಿಡಿತಕ್ಕೆ ಅವನು ಉಸಿರು ಸಿಗದೆ ವಾಪಸ್ ಬಂದು ಮರಳಿನ ಮೇಲೆ ಇಳಿಸಿದ. "ನೂರು ಮೂಟೆ ಹೊತ್ತಿದ್ದೀನಿ, ಯಾವ ಮೂಟೆಯೂ ನನ್ನ ಕತ್ತು ಹಿಸುಕಿರಲಿಲ್ಲ," ಎಂದು ಅವನು ಈಗಲೂ ಹೇಳುತ್ತಾನೆ. ಆಮೇಲೆ ಮಗಳೇ ಆಗಾಗ ಬಂದು ಹೋಗುತ್ತಿದ್ದಳು.

ಈ ವರ್ಷ ಮಗಳು ಬಸುರಿಯಾದಳು. ಏಳನೆಯ ತಿಂಗಳಲ್ಲಿ ಫೋನ್ ಮಾಡಿದಳು.

"ಅಮ್ಮ, ನರ್ಸಮ್ಮ ಇನ್ನು ದೋಣಿ ಹತ್ತಬೇಡ ಅಂದಿದ್ದಾರೆ. ಹೆರಿಗೆ ಇಲ್ಲಿನ ಆಸ್ಪತ್ರೆಯಲ್ಲೇ."

"ಆಯ್ತಮ್ಮ. ಹುಷಾರು."

"ನೀನು ಬರೋಕಾಗಲ್ಲ, ಗೊತ್ತು. ಅದಕ್ಕೆ ಅತ್ತೆಗೆ ಹೇಳಿದ್ದೀನಿ, ಆ ಹೊತ್ತಿಗೆ ಜೊತೆಗಿರು ಅಂತ."

ಅತ್ತೆ ಎಂದರೆ ಅಪ್ಪನ ತಂಗಿ, ದಡದಕ್ಕನ ನಾದಿನಿ. ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ಅಂಗಡಿಯಲ್ಲಿ ಸಕ್ಕರೆ ಇಲ್ಲದಿದ್ದರೆ ಬೆಲ್ಲ ಕೊಡಿ ಎನ್ನುವ ಹಾಗೆ ಹೇಳಿದ್ದಳು. ದಡದಕ್ಕನಿಗೆ ಅದೇ ಚುಚ್ಚಿತು. ಸಿಟ್ಟು ಮಾಡಿಕೊಂಡಿದ್ದರೆ ಇನ್ನೂ ಕಾಯುತ್ತಿದ್ದಾಳೆ ಎಂದಾದರೂ ಅಂದುಕೊಳ್ಳಬಹುದಿತ್ತು. ಕಾಯುವುದನ್ನೇ ಬಿಟ್ಟವಳ ಹತ್ತಿರ ಏನು ಹೇಳುವುದು?

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು, "ನಾನು ಹೋಗ್ತೀನಿ."

ಗಂಡ ಐಸ್ ಫ್ಯಾಕ್ಟರಿಯಲ್ಲಿ ಗಡ್ಡೆ ಎಳೆಯುವವನು. ಹೆಚ್ಚು ಮಾತಿನವನಲ್ಲ. "ಹೋಗು ಅಂದ್ರೆ ಹೋಗೋಳಲ್ಲ, ಬೇಡ ಅಂದ್ರೆ ಬಿಡೋಳಲ್ಲ. ನಾನೇನು ಹೇಳಲಿ?" ಎಂದು ಕೈತೊಳೆಯಲು ಎದ್ದ.

ಮರುದಿನದಿಂದ ಸಂಜೆ ಕೆಲಸ ಮುಗಿಸಿ ಅವಳು ಚಿಕ್ಕ ದಂಡೆಗೆ ಹೋಗತೊಡಗಿದಳು. ಜೊತೆಗೆ ನಾದಿನಿ. ನಾದಿನಿ ಬಂದರಿನ ಶೆಡ್ಡಿನಲ್ಲಿ ಸೀಗಡಿ ಸುಲಿಯುವವಳು, ಅವಳಿಗಿಂತ ಎರಡು ಮೂರು ವರ್ಷಕ್ಕೆ ಚಿಕ್ಕವಳು. ಇಬ್ಬರೂ ಒಂದೇ ಓಣಿಯಲ್ಲಿ ಆಡಿ ಬೆಳೆದವರು, ಸಂಬಂಧ ಆಮೇಲೆ ಬಂದದ್ದು. ಬಾಯಿ ಮಾತ್ರ ಅವಳ ಚಾಕುವಿನಷ್ಟೇ ಹರಿತ.

"ಬಾ ಅತ್ತಿಗೆ, ಕಚ್ಚಲ್ಲ."

"ನೀನು ಸುಮ್ಮನಿರು, ಅದು ಬರ್ತಾ ಇದೆ."

"ಅಲೆ ಅಂದ್ಮೇಲೆ ಬರುತ್ತೆ, ಹೋಗುತ್ತೆ. ನಿನ್ನ ಹಾಗೆ ಒಂದೇ ಕಡೆ ನಿಲ್ಲೋಕೆ ಅದಕ್ಕೇನು ಕೆಲಸ ಇಲ್ವಾ?"

ಕೆಲವು ಸಂಜೆಗಳಾದ ಮೇಲೆ ಪಾದ ಒದ್ದೆಯಾಯಿತು. ಕಾಲಿನ ಕೆಳಗಿನ ಮರಳು ಸರಿದುಹೋಗುವುದು ಅವಳಿಗೆ ಸೇರಲಿಲ್ಲ. ನಿಂತ ನೆಲವೇ ನುಣುಚಿಕೊಂಡರೆ ನಂಬುವುದು ಯಾವುದನ್ನು? ಮೀನಖಂಡದವರೆಗೆ ಹೋದಳು, ಅಲ್ಲಿಂದ ಮುಂದೆ ಒಂದು ಹೆಜ್ಜೆಯೂ ಇಲ್ಲ. ದಿನಗಳು ಹೋಗುತ್ತಿದ್ದವು. ಮಗಳ ತಿಂಗಳು ತುಂಬುತ್ತಿತ್ತು.

ಒಂದು ಭಾನುವಾರ ಅವಳಿಗೆ ಒಂದು ಉಪಾಯ ಹೊಳೆಯಿತು. ತಾನೇ ಹೊಲಿದ ಜಾಕೆಟ್ ಒಂದನ್ನು ತೊಟ್ಟು ಬಂದಳು. ಲಾಡಿಗಳನ್ನು ಎದೆಯ ಮೇಲೆ ಬಿಗಿಯಾಗಿ ಕಟ್ಟಿಕೊಂಡಿದ್ದಳು. ದಂಡೆಯ ಮೇಲೆ ಹೊರಗಿನ ಜನ ಇದ್ದರು. ಅವರ ಕಡೆ ನೋಡದೆ ನೇರವಾಗಿ ನಡೆದಳು. ಮೊಣಕಾಲು ಮುಳುಗಿತು. ಆ ಹೊತ್ತಿಗೇ ಬಂಡೆಯಾಚೆ ಒಂದು ದೊಡ್ಡ ಬೋಟು ಹಾದುಹೋಯಿತು. ಅದು ಎಬ್ಬಿಸಿದ ಅಲೆ ನಿಧಾನವಾಗಿ ಒಳಗೆ ಬಂತು. ದೊಡ್ಡದೇನಲ್ಲ, ಆದರೆ ಅವಳು ಹಿಂದಕ್ಕೆ ಕೂತುಬಿಟ್ಟಳು, ಚಿಕ್ಕಂದಿನಲ್ಲಿ ಕೂರುತ್ತಿದ್ದ ಹಾಗೆಯೇ. ಜಾಕೆಟ್ ಕಿವಿಯವರೆಗೂ ಏರಿ, ಗದ್ದವನ್ನು ಆಕಾಶಕ್ಕೆ ಎತ್ತಿ ಹಿಡಿಯಿತು. ದಂಡೆಯ ಜನ ಫೋನ್ ತೆಗೆದರು. ಅವಳು ಅಂಬೆಗಾಲಿಟ್ಟುಕೊಂಡೇ ಮರಳಿಗೆ ಬಂದಳು.

"ಒಂದಂತೂ ಗೊತ್ತಾಯ್ತು. ನಿನ್ನ ಜಾಕೆಟ್ ತೇಲುತ್ತೆ," ಎಂದಳು ನಾದಿನಿ.

"ಮೊದಲು ಇದನ್ನ ಬಿಚ್ಚು."

ಬಿಚ್ಚಲಾಗಲಿಲ್ಲ. ಬಲೆ ಹೆಣೆದು ಬೆಳೆದ ಕೈ. ಲಾಡಿ ಕಟ್ಟುವಾಗ ಯೋಚಿಸದೆ ಬಲೆಗಂಟನ್ನೇ ಹಾಕಿಬಿಟ್ಟಿತ್ತು. ನೀರು ತಾಕಿದಷ್ಟೂ ಬಿಗಿಯುವ ಗಂಟು ಅದು. ನೀರಿನಲ್ಲಿ ಸಡಿಲವಾಗುವ ಗಂಟನ್ನು ಬಲೆಗೆ ಯಾರು ಹಾಕುತ್ತಾರೆ? ನಾದಿನಿ ಉಗುರಿನಲ್ಲಿ ಎಳೆದಳು, ಹಲ್ಲಿನಲ್ಲಿ ಕಚ್ಚಿದಳು. ಕೊನೆಗೆ ಶೆಡ್ಡಿಗೆ ಹೋಗಿ ಚಾಕು ತಂದು ಒಂದೊಂದೇ ಲಾಡಿ ಕೊಯ್ದಳು.

ದಡದಕ್ಕ ಕೊಯ್ದ ಗಂಟೊಂದನ್ನು ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದಳು. ಮಗಳ ಸೊಂಟಕ್ಕೆ ಅವಳು ಹಾಕುತ್ತಿದ್ದದ್ದೂ ಇದೇ ಗಂಟು. ಸಂಜೆ ಅದನ್ನು ಬಿಚ್ಚುವಾಗ ಬಲೆ ಹೆಣೆಯುವ ಸೂಜಿಯ ಮೊನೆ ತೂರಿಸಿದರೆ ಮಾತ್ರ ಬಿಡುತ್ತಿತ್ತು.

"ಅಲ್ಲ ಕಣೇ," ಎಂದಳು. "ನೀನು ಹಲ್ಲಲ್ಲಿ ಕಚ್ಚಿದ್ರೂ ಬಿಚ್ಚಲಿಲ್ಲ. ಮೂರು ವರ್ಷದ ಮಗು ಹೇಗೆ ಬಿಚ್ತು?"

ನಾದಿನಿ ಚಾಕುವನ್ನು ಮರಳಿಗೆ ಒರೆಸಿದಳು. ಇನ್ನೊಂದು ಸಲ ಒರೆಸಿದಳು.

"ಅದು ಬಿಚ್ಚಲಿಲ್ಲ. ನಾನು ಬಿಚ್ತಾ ಇದ್ದೆ."

"ನೀನಾ?"

"ನಿನ್ನ ಸೂಜಿಯಲ್ಲೇ. ಸೂಜಿ ಎಲ್ಲಿ ಹೋಯ್ತು ಅಂತ ನೀನು ದಿನಾ ಹುಡುಕ್ತಾ ಇದ್ದೆಯಲ್ಲ, ಆವಾಗ ಅದು ನನ್ನ ಸೊಂಟದಲ್ಲಿ ಇರ್ತಿತ್ತು."

ದಡದಕ್ಕ ಅಂಗೈಯ ಗಂಟನ್ನು ಮರಳಿಗೆ ಎಸೆದಳು. ಎದ್ದು ಒದ್ದೆ ಬಟ್ಟೆಯಲ್ಲೇ ದಂಡೆಯ ಮೆಟ್ಟಿಲು ಹತ್ತಿ ಮನೆಗೆ ಹೋದಳು. ಆಮೇಲೆ ದಂಡೆಯ ಕಡೆ ಬರಲಿಲ್ಲ. ನಾದಿನಿ ಕೋಣೆಯ ಬಾಗಿಲಿಗೆ ಬಂದರೆ ಮಿಷನ್ ಜೋರಾಗಿ ತುಳಿಯುತ್ತಿದ್ದಳು.

ಸಿಟ್ಟು ಬಂದದ್ದು ಸಹಜ. ದಡದಕ್ಕನ ಅಣ್ಣ ಮುಳುಗಿದ ನೀರಿಗೇ ನಾದಿನಿ ಅವಳ ಕೂಸನ್ನು ಅವಳ ಬೆನ್ನ ಹಿಂದೆಯೇ ಕರೆದುಕೊಂಡು ಹೋಗಿದ್ದಳು. ಆದರೆ ಮಿಷನ್ ಮುಂದೆ ಕೂತಾಗ ಬೇರೆ ಯೋಚನೆಗಳೂ ಬಂದವು. ತಾಯಿ ತನ್ನನ್ನು ಕಟ್ಟಿದ್ದು ಸಾವು ಕಂಡು. ತಾನು ಮಗಳನ್ನು ಕಟ್ಟಿದ್ದು ಏನು ಕಂಡು? ತಾಯಿ ಕಟ್ಟಿದ್ದಳು ಎಂದು ಕಟ್ಟಿದ್ದಳು, ಅಷ್ಟೆ. ಅಂದು ತನ್ನ ಹಗ್ಗವನ್ನೂ ಯಾರಾದರೂ ಬಿಚ್ಚಿದ್ದರೆ? ಆದರೆ ಆ ಸಾಲಿನಲ್ಲಿ ಕೂತ ಯಾವ ಹೆಂಗಸಿಗೂ ಮಗ ಕಳೆದುಕೊಂಡವಳ ಗಂಟಿಗೆ ಕೈ ಹಾಕುವ ಧೈರ್ಯ ಇದ್ದಿರಲಾರದು. ಅದಕ್ಕೆ ಅವರನ್ನೂ ದೂರುವಂತಿಲ್ಲ.

ಒಂದು ಮಧ್ಯಾಹ್ನ ಅವಳೇ ಸೀಗಡಿ ಶೆಡ್ಡಿಗೆ ಹೋದಳು. ಉದ್ದನೆಯ ಕಲ್ಲಿನ ಮೇಜು, ಎರಡೂ ಕಡೆ ರಬ್ಬರ್ ಕೈಗವಸು ಹಾಕಿದ ಹೆಂಗಸರು, ನೆಲದ ತುಂಬ ಐಸ್ ಕರಗಿದ ನೀರು. ಆ ನೀರನ್ನೂ ದಾಟಿ ದಾಟಿ ಹೆಜ್ಜೆ ಇಟ್ಟು ನಾದಿನಿಯ ಪಕ್ಕ ಬಂದು ನಿಂತಳು.

"ಮೊದಲನೇ ಸಲ ಅವಳು ಹೆದರಲಿಲ್ವಾ?"

ನಾದಿನಿ ಕೈ ನಿಲ್ಲಿಸಲಿಲ್ಲ. "ಹೆದರಿದ್ಲು. ಅತ್ಲು ಕೂಡ."

"ಆಮೇಲೆ?"

"ಆಮೇಲೇನು, ನನ್ನ ಬೆರಳು ಹಿಡ್ಕೊಂಡಿದ್ಲು. ಅವಳು ಬಿಡೋವರೆಗೂ ನಾನು ಬಿಡಲಿಲ್ಲ. ಬಿಡೋಕೆ ಎಷ್ಟೋ ದಿನ ಬೇಕಾಯ್ತು." ಒಂದು ಸೀಗಡಿ ಸುಲಿದು ಬುಟ್ಟಿಗೆ ಹಾಕಿ ಮತ್ತೆ ಹೇಳಿದಳು, "ನಿನಗೆ ಕೇಳಿದ್ರೆ ಬೇಡ ಅಂತಿದ್ದೆ. ಅದಕ್ಕೇ ಕೇಳಲಿಲ್ಲ."

"ಬೇಡ ಅಂತಲೇ ಅಂತಿದ್ದೆ," ಎಂದು ದಡದಕ್ಕ ಒಪ್ಪಿಕೊಂಡಳು. ಆಮೇಲೆ ಮೂಲೆಯಲ್ಲಿದ್ದ ಇನ್ನೊಂದು ಜೊತೆ ಕೈಗವಸು ಹಾಕಿಕೊಂಡು, ಸಂಜೆಯವರೆಗೂ ನಾದಿನಿಯ ಬುಟ್ಟಿಗೇ ಸೀಗಡಿ ಸುಲಿದಳು.

ನರ್ಸಮ್ಮ ಹೇಳಿದ್ದಕ್ಕಿಂತ ಮೊದಲೇ ಮಗಳಿಗೆ ನೋವು ಬಂತು. ಅಳಿಯ ಬೆಳಗ್ಗೆ ನಾದಿನಿಗೆ ಫೋನ್ ಮಾಡಿದ: ಇವತ್ತಿನ ದೋಣಿಗೇ ಹೊರಡಿ. ನಾದಿನಿ ಚೀಲ ಹಿಡಿದುಕೊಂಡು ದಡದಕ್ಕನ ಕೋಣೆಗೆ ಬಂದಳು. ವಿಷಯ ಹೇಳಿ, ಚೀಲವನ್ನು ಮಿಷನ್ನಿನ ಮೇಲಿಟ್ಟು ನಿಂತಳು.

"ನೀನು ಹೋಗು," ಎಂದಳು ದಡದಕ್ಕ. "ಇದು ಪರೀಕ್ಷೆ ಮಾಡೋ ಹೊತ್ತಲ್ಲ."

"ಸರಿ." ನಾದಿನಿ ಚೀಲ ಎತ್ತಿಕೊಂಡಳು. ಬಾಗಿಲು ದಾಟಿದಳು. ದಂಡೆಗೆ ಇಳಿಯುವ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದು ಒಂದಷ್ಟು ಹೊತ್ತು ಕೇಳಿ ನಿಂತಿತು.

ದಡದಕ್ಕ ಮಿಷನ್ ತುಳಿಯಲು ಕಾಲೆತ್ತಿದಳು. ತುಳಿಯಲಿಲ್ಲ. ತಲೆಯ ಮೇಲೆ ಬಟ್ಟೆ ಒಣಹಾಕುವ ಹಗ್ಗ ಇತ್ತು. ತಾಯಿ ತನಗೆ ಕಟ್ಟಿದ ಹಗ್ಗ, ತಾನು ಮಗಳಿಗೆ ಕಟ್ಟಿದ ಹಗ್ಗ, ಎರಡನ್ನೂ ಸೇರಿಸಿ ಗಂಟು ಹಾಕಿ ಎಂದೋ ಅಲ್ಲಿ ಬಿಗಿದಿದ್ದಳು. ದಿನಾ ಕಣ್ಣಮುಂದೆ ಇದ್ದದ್ದೇ. ಅವಳು ಸ್ಟೂಲಿನ ಮೇಲೆ ಹತ್ತಿ ಅದನ್ನು ಕಿತ್ತಳು. ಒಣಗಿದ್ದ ಗಂಡನ ಅಂಗಿಗಳು ಫೋಮಿನ ಚೂರುಗಳ ಮೇಲೆ ಬಿದ್ದವು.

ಅವಳು ದಂಡೆಗೆ ಇಳಿದಾಗ ನಾದಿನಿ ಬಟ್ಟೆ ಎತ್ತಿ ಕಟ್ಟುತ್ತಿದ್ದಳು. ದಡದಕ್ಕ ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಬಿಗಿದು, ಇನ್ನೊಂದು ತುದಿಯನ್ನು ನಾದಿನಿಯ ಕೈಗೆ ಕೊಟ್ಟಳು.

"ಹಿಡ್ಕೋ. ನಾನು ದೋಣಿ ಹತ್ತೋವರೆಗೂ ಬಿಡಬೇಡ."

"ಇಬ್ಬರೂ ಒಟ್ಟಿಗೇ ಹೋಗೋಣ ಬಾ, ಕೈ ಹಿಡ್ಕೊಳ್ತೀನಿ."

"ಇಬ್ಬರೂ ಹೋದ್ರೆ ದಡದಲ್ಲಿ ಹಿಡಿಯೋರು ಯಾರು? ನೀನು ನಾಳೆ ಬಾ."

ನಾದಿನಿ ಅವಳ ಮುಖ ನೋಡಿ, ಹಗ್ಗವನ್ನು ಅಂಗೈಗೆ ಸುತ್ತಿಕೊಂಡಳು. ದೋಣಿಯಲ್ಲಿ ಕೂತವರು ಇಣುಕಿ ನೋಡಿದರು.

"ಏನು ದಡದಕ್ಕ, ಹಗ್ಗ ಕಟ್ಟಿದ ಹಸುವಿನ ಹಾಗೆ ಬರ್ತಾ ಇದ್ದೀಯಲ್ಲ," ಎಂದ ದೋಣಿಯವನು.

"ನಿನ್ನ ಕುತ್ತಿಗೆಗೆ ಕಟ್ಟಿಲ್ಲವಲ್ಲ, ಪುಣ್ಯ ಅಂದ್ಕೋ," ಎಂದಳು. ದೋಣಿಯಲ್ಲಿ ನಗು ಎದ್ದಿತು. ಅವಳಿಗೆ ನಗು ಬರಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು.

ಪಾದ, ಮೀನಖಂಡ, ಮೊಣಕಾಲು. ಹಿಂದೆ ನಾದಿನಿ ಮರಳಿನಂಚಿನಲ್ಲಿ ನಿಂತು ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದಳು. ನೀರು ಮೊಣಕಾಲು ದಾಟಿದಾಗ ಹಗ್ಗ ಮುಗಿಯಿತು. ಸೊಂಟ ಜಗ್ಗಿತು. ಅದೇ ಜಗ್ಗು, ಹೊಟ್ಟೆಯ ಅದೇ ಜಾಗದಲ್ಲಿ. ಅವಳು ನಿಂತಳು. ಮುಂದೆ ದೋಣಿ ಇನ್ನೂ ಒಂದು ಆಳಿನಷ್ಟು ದೂರವಿತ್ತು. ಕಾಲಡಿಯ ಮರಳು ಜಾರುತ್ತಿತ್ತು. ಇನ್ನೇನು ಹಿಂದಕ್ಕೆ ಕೂರಬೇಕು, ಆಗ ಹಗ್ಗ ಸಡಿಲವಾಯಿತು.

ಅವಳು ತಿರುಗಿ ನೋಡಿದಳು. ನಾದಿನಿ ಎತ್ತಿ ಕಟ್ಟಿದ ಬಟ್ಟೆ ಇಳಿದುಬಿದ್ದದ್ದನ್ನೂ ನೋಡದೆ ನೀರಿಗೆ ಇಳಿದಿದ್ದಳು. ಒಂದು ಹೆಜ್ಜೆ ಇಟ್ಟು ನಿಂತಿದ್ದಳು, ಹಗ್ಗ ಕೈಯಲ್ಲೇ ಇತ್ತು.

"ನಡಿ ಅತ್ತಿಗೆ. ನೀನು ಒಂದು ಹೆಜ್ಜೆ ಇಟ್ರೆ ನಾನೂ ಒಂದು ಇಡ್ತೀನಿ. ಇದೇನು ಗೂಟ ಅಲ್ಲ."

ದಡದಕ್ಕ ಒಂದು ಹೆಜ್ಜೆ ಇಟ್ಟಳು. ಹಿಂದೆಯೂ ನೀರು ಕಲಕಿದ ಸದ್ದು ಕೇಳಿತು. ಇನ್ನೊಂದು ಇಟ್ಟಳು. ತೊಡೆ ತಣ್ಣಗಾಯಿತು. ಭಯ ಹೋಗಲಿಲ್ಲ; ಅದು ಅವಳ ಜೊತೆಗೇ ಬಂತು. ಕೈ ಚಾಚಿದಾಗ ದೋಣಿಯ ಅಂಚು ಸಿಕ್ಕಿತು. ದೋಣಿಯವನು ತೋಳು ಹಿಡಿದು ಎಳೆದುಕೊಂಡ. ಅವಳು ಹಲಗೆಯ ಮೇಲೆ ಕೂತು, ಉಸಿರು ಸಿಕ್ಕ ಮೇಲೆ ತಲೆಯಾಡಿಸಿದಳು. ಆಗ ನಾದಿನಿ ತುದಿಯನ್ನು ಬಿಟ್ಟಳು. ದಾರಿಯುದ್ದಕ್ಕೂ ದಡದಕ್ಕ ಸಮುದ್ರದ ಕಡೆ ನೋಡಲಿಲ್ಲ. ಒದ್ದೆ ಹಗ್ಗವನ್ನು ಮಡಿಲಿಗೆ ಎಳೆದುಕೊಂಡು ಸುರುಳಿ ಸುತ್ತುವುದು, ಬಿಡಿಸುವುದು, ಮತ್ತೆ ಸುತ್ತುವುದು, ಇದೇ ಕೆಲಸ.

ದ್ವೀಪದಲ್ಲಿ ದೋಣಿ ಕಟ್ಟೆಗೇ ತಾಗುತ್ತದೆ. ಅಲ್ಲಿನ ಆಸ್ಪತ್ರೆಯೆಂದರೆ ಎರಡು ಕೋಣೆ. ಅವಳು ಒಳಗೆ ಕಾಲಿಟ್ಟಾಗ ಮಗು ಹುಟ್ಟಿರಲಿಲ್ಲ. ಮಗಳು ಮಂಚದ ಕಂಬಿ ಹಿಡಿದುಕೊಂಡು ಗೋಡೆ ನೋಡುತ್ತಿದ್ದಳು. ಹೆಜ್ಜೆ ಸದ್ದಿಗೆ ತಿರುಗದೆ, "ಅತ್ತೆ, ಬಂದ್ಯಾ?" ಎಂದಳು.

"ಅತ್ತೆ ನಾಳೆ ಬರ್ತಾಳೆ."

ಮಗಳು ತಿರುಗಿದಳು. ಅಮ್ಮನ ಮುಖ ನೋಡಿದಳು. ಆಮೇಲೆ ಕಣ್ಣು ಕೆಳಗಿಳಿದು, ತೊಡೆಗೆ ಅಂಟಿಕೊಂಡ ಬಟ್ಟೆ, ಅಂಚಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿದ್ದ ನೀರು, ಸೊಂಟದಲ್ಲಿ ಇನ್ನೂ ಬಿಗಿದಿದ್ದ ಹಗ್ಗ, ಎಲ್ಲವನ್ನೂ ಒಂದೊಂದಾಗಿ ನೋಡಿದಳು. ನೋವು ಒಮ್ಮೆ ಬಂದು ಹೋಯಿತು.

"ಇದು ನಮ್ಮನೆ ಬಟ್ಟೆ ಹಗ್ಗ ಅಲ್ವಾ?"

"ಹೂಂ. ಗಂಟು ಬಿಗಿದುಬಿಟ್ಟಿದೆ. ಚಾಕು ಸಿಕ್ಕರೆ ಕೊಯ್ಯಬೇಕು."

"ಆಮೇಲೆ ಕೊಯ್ದುಕೊಳ್ಳುವೆಯಂತೆ," ಎಂದಳು ಮಗಳು. ಕಂಬಿಯನ್ನು ಬಿಟ್ಟು ಅಮ್ಮನ ಬೆರಳು ಹಿಡಿದುಕೊಂಡಳು. ನರ್ಸಮ್ಮ ಒಳಗೆ ಬಂದು, ನೆಲವೆಲ್ಲ ಯಾರು ಹೀಗೆ ಒದ್ದೆ ಮಾಡಿದ್ದು ಎಂದು ಗದರಿದರು. ಮಗಳು ಹಿಡಿದ ಬೆರಳನ್ನು ಅವಳಾಗಿಯೇ ಬಿಡುವವರೆಗೂ ದಡದಕ್ಕ ಬಿಡಿಸಿಕೊಳ್ಳಲಿಲ್ಲ.